ಎರವಲು ಕೊಟ್ಟ ಕೈ

ಬೆಂಗಳೂರು
9 ಫೆಬ್ರವರಿ 2026

ಪ್ರೀತಿಯ ಪುಟ್ಟಿ,

ರಾತ್ರಿ ಎರಡೂ ಮುಕ್ಕಾಲಿಗೆ ನೀನು ಕಳುಹಿಸಿದ ಸಂದೇಶವನ್ನು ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ ಬಂದು ಓದಿದೆ. ಮೊಬೈಲಿನಲ್ಲೇ ಉತ್ತರಿಸೋಣವೆಂದು ಕುಳಿತರೆ ಮೂರು ಸಾಲಿಗೇ ಹೆಬ್ಬೆರಳು ಮುಷ್ಕರ ಹೂಡಿತು. ಅದಕ್ಕೇ ಈ ಕಾಗದ. ಒಂದೇ ಉಸಿರಿಗೆ ಓದಿ ಮುಗಿಸಬೇಕೆಂದೇನೂ ಇಲ್ಲ. ಅತ್ತೆಯವರ ಗಂಜಿ ಆರುವಷ್ಟರಲ್ಲಿ ಒಂದು ಪುಟ ಓದಿದರೆ ಸಾಕು.

ಐದು ಭಾನುವಾರ ಪೂಜೆಗೆ ಹೋಗಿಲ್ಲ, ಇದು ಪಾಪವೇ ಎಂದು ಕೇಳಿದ್ದೀಯೆ. ಅಲ್ಲ. ಕಾಯಿಲೆ, ಹಸುಗೂಸಿನ ಆರೈಕೆಯಂಥ ಗಂಭೀರ ಕಾರಣವಿದ್ದರೆ ಭಾನುವಾರದ ಕಟ್ಟಳೆಯಿಂದ ವಿನಾಯಿತಿ ಉಂಟೆಂದು ನಮ್ಮ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2181ನೆಯ ಕಂಡಿಕೆಯೇ ಹೇಳುತ್ತದೆ. ಪಾರ್ಶ್ವವಾಯು ಬಡಿದು ಮಲಗಿರುವ ಅತ್ತೆಯ ಆರೈಕೆ ಹಸುಗೂಸಿನದಕ್ಕಿಂತ ಕಡಿಮೆಯದೇನಲ್ಲ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಒಂದು ಮಾತು ಹೇಳು, ಪೂಜೆಯಲ್ಲಿ ಪ್ರಭುವಿನ ಶರೀರವಾಗಿ ಕೊಡುವ ಪರಮಪ್ರಸಾದದ ರೊಟ್ಟಿಯನ್ನು ಮನೆಗೇ ತಂದುಕೊಡುತ್ತಾರೆ. ಇದೆಲ್ಲ ನಿನಗೆ ಗೊತ್ತಿರದ ಸಂಗತಿಯಲ್ಲ. ಗೊತ್ತಿದ್ದೂ ಕೇಳಿದ್ದೀಯೆ ಎಂದರೆ ಯಾರೋ ಚುಚ್ಚಿದ್ದಾರೆ. ಚುಚ್ಚಿದವಳು ನಿನ್ನಮ್ಮನೇ ಆಗಿದ್ದರೆ ಅವಳಿಗೆ ಬೇರೆಯೇ ಕಾಗದ ಬರೆಯುತ್ತೇನೆ. ಅಕ್ಕನಾದರೂ ನನ್ನ ಮಾತು ಒಂದಿಷ್ಟು ಕೇಳುತ್ತಾಳೆ.

ನಿನ್ನ ನಿದ್ದೆ ಕೆಡಿಸಿರುವುದು ವಿಭೂತಿಯ ಪ್ರಶ್ನೆ. ಅತ್ತೆಯವರು ಪ್ರತಿದಿನ ಸ್ನಾನವಾದ ಮೇಲೆ ಮೂರು ಬೆರಳಿನಿಂದ ಹಣೆಗೆ ವಿಭೂತಿ ಎಳೆದುಕೊಳ್ಳುತ್ತಿದ್ದವರು. ಈಗ ಬಲಗೈ ಮೇಲೇಳುವುದಿಲ್ಲ. ಮೈ ಒರೆಸಿ, ಬಟ್ಟೆ ಬದಲಿಸಿ, ತಲೆ ಬಾಚಿದ ಮೇಲೂ ಅವರ ಕಣ್ಣು ಗೂಡಿನಲ್ಲಿರುವ ವಿಭೂತಿ ಗಟ್ಟಿಯ ಕಡೆಗೇ ಹೋಗುತ್ತದೆ ಎಂದು ಬರೆದಿದ್ದೀಯೆ. ಮಗ ಬೆಳಿಗ್ಗೆ ಏಳಕ್ಕೇ ಕಂಪನಿಯ ಬಸ್ಸು ಹಿಡಿಯುತ್ತಾನೆ. ಮನೆಯಲ್ಲಿ ಉಳಿದ ಕೈ ನಿನ್ನದೊಂದೇ. ಹಚ್ಚಲೇ, ಬೇಡವೇ? ಹಚ್ಚಿದರೆ ನನ್ನ ನಂಬಿಕೆಗೆ ದ್ರೋಹವಾಗುವುದಿಲ್ಲವೇ?

ಈ ಸಾಲು ಓದುವಾಗ ನಾನೇನು ಮಾಡುತ್ತಿದ್ದೆ ಗೊತ್ತೇ? ಹಿತ್ತಲಿನಲ್ಲಿ ಇಟ್ಟಿಗೆಯ ಒಲೆ ಹೂಡಿ ಒಂದು ಹಳೆಯ ಬಾಣಲೆಯಲ್ಲಿ ಗರಿ ಸುಡುತ್ತಿದ್ದೆ. ಹೋದ ವರ್ಷ ಗರಿಗಳ ಭಾನುವಾರ ಜನ ಮನೆಗೆ ಒಯ್ದು ಶಿಲುಬೆಯ ಹಿಂದೆಯೋ ದೇವರ ಪಟದ ಹಿಂದೆಯೋ ಸಿಕ್ಕಿಸಿದ್ದ ತೆಂಗಿನ ಗರಿಗಳೆಲ್ಲ ಈಗ ಒಣಗಿ ತರಗಾಗಿ ಮರಳಿ ಬಂದಿವೆ. ಅವನ್ನು ಸುಟ್ಟು, ಆರಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಸರಿಯಾಗಿ ಸೋಸದಿದ್ದರೆ ಹಣೆಗೆ ಗೀರುತ್ತದೆ. ನೀರು ಬೆರೆಸಬಾರದು, ಚರ್ಮ ಉರಿಯುತ್ತದೆ. ಎರಡು ತೊಟ್ಟು ಎಣ್ಣೆ ಸಾಕು. ನಾನು ಹೊಸದಾಗಿ ಗುರುವಾದ ವರ್ಷ ನೀರು ಬೆರೆಸಿ, ಪೂಜೆಗೆ ನೆರವಾಗುವ ಪೀಠಬಾಲಕರ ಹಣೆ ಕೆಂಪಗಾಗಿ, ಅವರ ತಾಯಂದಿರಿಂದ ಬೈಸಿಕೊಂಡಿದ್ದೇನೆ. ಬುಧವಾರ, 18ನೆಯ ತಾರೀಖು, ಆ ಬೂದಿಯನ್ನು ಜನರ ಹಣೆಗೆ ಹಚ್ಚಿ ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು ನೆನಪಿಸುತ್ತೇನೆ. ಆ ದಿನಕ್ಕೆ ಕನ್ನಡದ ಕಥೋಲಿಕರಾದ ನಾವು ಏನೆನ್ನುತ್ತೇವೆ? ವಿಭೂತಿ ಬುಧವಾರ. ಬೂದಿ ಬುಧವಾರ ಎನ್ನಬಹುದಿತ್ತು, ಎನ್ನಲಿಲ್ಲ. ನಮ್ಮ ಹಿರಿಯರು ನೆರೆಮನೆಯವರ ಹಣೆ ನೋಡಿ ಆ ಪದವನ್ನು ಎತ್ತಿಕೊಂಡರು. ಎತ್ತಿಕೊಂಡದ್ದನ್ನು ಯಾರೂ ವಾಪಸು ಕೇಳಲಿಲ್ಲ.

ಪದ ಒಂದೇ ಎಂದ ಮಾತ್ರಕ್ಕೆ ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅವರ ವಿಭೂತಿ ಶಿವನದು, ಅದಕ್ಕೆ ಅದರದೇ ಅರ್ಥವಿದೆ. ನಮ್ಮದು ಪಶ್ಚಾತ್ತಾಪದ ಗುರುತು. ಎಲ್ಲವನ್ನೂ ಕಲಸಿ ಒಂದೇ ಉಂಡೆ ಮಾಡುವವರ ಮಾತು ಕೇಳಲು ಹಿತವಾಗಿರುತ್ತದೆ, ಅದರಲ್ಲಿ ಯಾರ ನಂಬಿಕೆಗೂ ಮರ್ಯಾದೆ ಉಳಿಯುವುದಿಲ್ಲ. ನೀನು ಆ ವಿಭೂತಿಯನ್ನು ನಿನ್ನ ಹಣೆಗೆ ಹಚ್ಚಿಕೊಳ್ಳಬೇಕೆಂದು ಯಾರಾದರೂ ಒತ್ತಾಯಿಸಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಇಲ್ಲಿ ಅದಲ್ಲ ನಡೆದಿರುವುದು. ಪ್ರಾರ್ಥನೆ ಅವರದು. ಅದನ್ನು ಮಾಡಬೇಕಾದ ಕೈ ಬಿದ್ದುಹೋಗಿದೆ. ನೀನು ನಿನ್ನ ಕೈಯನ್ನು ಎರವಲು ಕೊಡುತ್ತಿದ್ದೀಯೆ, ಅಷ್ಟೇ. ಕನ್ನಡಕ ಹುಡುಕಿಕೊಟ್ಟ ಹಾಗೆ, ಹಲ್ಲುಸೆಟ್ಟು ತೊಳೆದುಕೊಟ್ಟ ಹಾಗೆ. ಹಚ್ಚು. ಮೂರು ಗೆರೆ ನೆಟ್ಟಗೆ ಬರುವಂತೆ ಹಚ್ಚು. ಅವಸರದಲ್ಲಿ ಬಳಿದುಬಿಡಬೇಡ, ಅವರು ಎಂದೂ ಹಾಗೆ ಬಳಿದುಕೊಂಡವರಲ್ಲ.

ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಧರ್ಮಾಧ್ಯಕ್ಷರೆಲ್ಲ ಕೂಡಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಬರೆದಿಟ್ಟಿದೆ. ಸೆಮಿನರಿಯಲ್ಲಿ ಆ ಪಾಠವನ್ನು ಪರೀಕ್ಷೆಗೆಂದು ಉರುಹೊಡೆದಿದ್ದೆ. ಅದು ತಲೆಯಿಂದ ಎದೆಗೆ ಇಳಿದದ್ದು ನಿನ್ನ ಮದುವೆಯ ದಿನ. ಅನ್ಯಧರ್ಮದವನೊಂದಿಗಿನ ಮದುವೆಗೆ ಅನುಮತಿಯ ಕಾಗದಕ್ಕಾಗಿ ಮಹಾಧರ್ಮಾಧ್ಯಕ್ಷರ ಕಚೇರಿಗೆ ನಾನು ಅಲೆದದ್ದು, ನಮ್ಮ ಕಡೆಯ ಕೆಲವರು ಮುಖ ಊದಿಸಿಕೊಂಡದ್ದು, ಎಲ್ಲವೂ ನಿನಗೆ ನೆನಪಿರಬಹುದು. ನನಗೆ ನೆನಪಿರುವುದು ನಮ್ಮ ಬೀಗಿತ್ತಿಯವರ ಪಾದ. ದೇವಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ರೇಷ್ಮೆ ಸೀರೆಯ ನೆರಿಗೆ ಹಿಡಿದು, ಬರಿಗಾಲಲ್ಲಿ ಒಳಗೆ ಬಂದರು. ನಮ್ಮವರೆಲ್ಲ ಬೂಟು ಸದ್ದು ಮಾಡುತ್ತಾ ಕುರ್ಚಿ ಎಳೆಯುತ್ತಿದ್ದರು. ಆಮೇಲೆ ಊಟದ ಮನೆಯಲ್ಲಿ, "ಸ್ವಾಮಿಗಳೇ, ಮಗ ಸಣ್ಣವನಿದ್ದಾಗ ಜ್ವರ ಬಿಡದೆ ಇದ್ದಾಗ ವಿವೇಕನಗರದ ಬಾಲಯೇಸುವಿಗೆ ಗುರುವಾರ ಗುರುವಾರ ಮೇಣದಬತ್ತಿ ಹಚ್ಚಿದ್ದೆ" ಎಂದರು. ಅಂದರೆ ನಿನ್ನ ಗಂಡನಿಗಾಗಿ ನಮ್ಮ ಗುಡಿಯಲ್ಲಿ ಪ್ರಾರ್ಥಿಸಿದವರಲ್ಲಿ ನಿನಗಿಂತ ಅವರೇ ಮೊದಲು. ಆಗ ಅವರು ತಮ್ಮ ಶಿವನನ್ನೇನೂ ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ.

ಇನ್ನು ನೀನು ಪ್ರಶ್ನೆಯಾಗಿ ಕೇಳದೆ ಕೊನೆಗೆ ಒಂದು ಸಾಲಿನಲ್ಲಿ ಬರೆದು ಬಿಟ್ಟದ್ದು: "ಮಾಮ, ಅವರನ್ನು ಮಗ್ಗುಲಿಗೆ ತಿರುಗಿಸುವಾಗ ಹಲ್ಲು ಕಚ್ಚಿಕೊಂಡಿರುತ್ತೇನೆ. ನಿನ್ನೆ ಬಟ್ಟಲು ಕುಕ್ಕಿದೆ. ನನ್ನಲ್ಲಿ ಪ್ರೀತಿಯೇ ಉಳಿದಿಲ್ಲ."

ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಐದನೆಯದನ್ನು ನೆನಪಿಸಿಕೋ. ಸಿರೇನಿನ ಸಿಮೋನ. ಹೊಲದ ಕಡೆಯಿಂದ ತನ್ನ ಪಾಡಿಗೆ ತಾನು ಬರುತ್ತಿದ್ದವನು. ಸೈನಿಕರು ಹಿಡಿದು ಯೇಸುವಿನ ಶಿಲುಬೆಯನ್ನು ಅವನ ಹೆಗಲಿಗೆ ಹೇರಿದರು. ಅವನು ಮುಂದೆ ಬಂದು ಕೇಳಿ ಪಡೆದದ್ದಲ್ಲ, ಬಲವಂತಕ್ಕೆ ಹೊತ್ತದ್ದು. ದಾರಿಯುದ್ದಕ್ಕೂ ಏನು ಗೊಣಗಿಕೊಂಡನೋ, ಯೇಸುವಿನ ಕಥೆ ಹೇಳುವ ಶುಭಸಂದೇಶ ಅದನ್ನು ಬರೆದಿಲ್ಲ. ಅವನ ಎದೆಯಲ್ಲಿ ಆಗ ಭಕ್ತಿಯಿತ್ತೇ ಎಂದು ಯಾರೂ ವಿಚಾರಿಸಿಲ್ಲ. ಭಾರ ಮಾತ್ರ ಅಷ್ಟು ದೂರ ಅವನ ಹೆಗಲ ಮೇಲಿತ್ತು. ಶುಭಸಂದೇಶ ಬರೆದ ಮಾರ್ಕನು ಅವನ ಇಬ್ಬರು ಮಕ್ಕಳ ಹೆಸರನ್ನೂ ಬರೆದಿಟ್ಟಿದ್ದಾನೆ, ಅಲೆಕ್ಸಾಂಡರ್ ಮತ್ತು ರೂಫ. ಓದುವವರಿಗೆ ಪರಿಚಿತರಲ್ಲದಿದ್ದರೆ ಹೆಸರು ಹೇಳುವ ಅಗತ್ಯವೇನಿತ್ತು? ಆ ಮನೆಯವರು ಆಮೇಲೆ ವಿಶ್ವಾಸಿಗಳ ಕೂಟದಲ್ಲೇ ಇದ್ದರೆಂದು ನಾನು ಊಹಿಸುತ್ತೇನೆ. ಪ್ರೀತಿ ಮೊದಲು ಬಂದು ಕೈ ಆಮೇಲೆ ಏಳಬೇಕೆಂದು ನಿಯಮವೇನಿಲ್ಲ, ಪುಟ್ಟಿ. ಕೈಯೇ ಮೊದಲು ಎದ್ದ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಬಟ್ಟಲು ಕುಕ್ಕಿದ್ದಕ್ಕೆ ಅತ್ತೆಯವರ ಹತ್ತಿರ ಕೂತು ತಪ್ಪಾಯಿತೆನ್ನು. ಅವರಿಗೆ ಮಾತು ಹೊರಡದಿದ್ದರೂ ಕಿವಿ ಕೇಳಿಸುತ್ತದೆ. ಅಲ್ಲಿಗೆ ಬಿಡು. ಅದನ್ನೇ ರಾತ್ರಿಯೆಲ್ಲಾ ಮೆಲುಕು ಹಾಕುವುದು ಪಶ್ಚಾತ್ತಾಪವಲ್ಲ, ಒಂದು ಬಗೆಯ ಜಂಬ. ತಾನು ಸಿಟ್ಟೇ ಬಾರದವಳೆಂದು ತಿಳಿದಿದ್ದೆನಲ್ಲಾ ಎಂಬ ಜಂಬ.

ನನ್ನದೊಂದು ಹೇಳುತ್ತೇನೆ. ನಿನ್ನಮ್ಮನಿಗೂ ಹೇಳಿದವನಲ್ಲ. ತುಂಬಾ ವರ್ಷಗಳ ಹಿಂದೆ, ಬೇರೆ ಧರ್ಮಕೇಂದ್ರದಲ್ಲಿದ್ದಾಗ, ಸಭಾಭವನ ಕಟ್ಟಿಸುವ ಹುಚ್ಚು ಹಿಡಿದಿತ್ತು. ಸಿಮೆಂಟು, ಜಲ್ಲಿ, ಕಾಣಿಕೆ ಪುಸ್ತಕ, ಮೇಸ್ತ್ರಿಯ ಕೂಲಿ. ಜಪಸರ ಜೇಬಿನಲ್ಲೇ ಉಳಿದಿತ್ತು. ಯಾರಾದರೂ ಕೇಳಿದರೆ ಕೆಲಸವೇ ಪ್ರಾರ್ಥನೆ ಎನ್ನುತ್ತಿದ್ದೆ. ಆ ಮಾತು ನಿಜ, ಆದರೆ ನನ್ನ ಬಾಯಲ್ಲಿ ಆಗ ಅದು ಸುಳ್ಳಾಗಿತ್ತು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದ. ಅಪ್ಪನಿಗೆ ತೀರಾ ಜೋರಾಗಿದೆ, ಬನ್ನಿ ಎಂದ. ಮರುದಿನ ಹಬ್ಬದ ಲೆಕ್ಕ ಒಪ್ಪಿಸಬೇಕಿತ್ತು. ಆ ಮನುಷ್ಯ ಹಿಂದೆಯೂ ಎರಡು ಸಲ ಹಾಗೆಯೇ ಕರೆಸಿ ಸುಧಾರಿಸಿಕೊಂಡಿದ್ದ. ಬೆಳಿಗ್ಗೆ ಪೂಜೆಗೂ ಮೊದಲೇ ಬರುತ್ತೇನೆ ಎಂದು ಹೇಳಿ ಕಳುಹಿಸಿದೆ. ಬೆಳಗಿನ ಜಾವ ಮೂರಕ್ಕೆ ಅವನು ತೀರಿಕೊಂಡ.

ಐದೂವರೆಗೆ ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆಯ ಕರಡಿಗೆ ಹಿಡಿದು ಆ ಹೊಸಿಲು ದಾಟಿದೆ. ಹೆಣದ ತಲೆಯ ಬಳಿ ಅವನ ಹೆಂಡತಿ ಕುಳಿತಿದ್ದಳು. ಬೈಯಲಿಲ್ಲ. "ನೀವು ಬರುವುದು ತಡವಾಗುತ್ತದೆ ಎಂದು ಗೊತ್ತಾಯಿತು ಸ್ವಾಮಿ. ಅವರಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ನಾನೇ ಅವರ ಕೈ ಹಿಡಿದು ಶಿಲುಬೆಯ ಗುರುತು ಹಾಕಿಸಿದೆ. ಸಾಕಾಗುತ್ತದೆಯೇ?" ಎಂದು ಕೇಳಿದಳು. ನನ್ನ ಕೈಯಲ್ಲಿದ್ದ ಅಭ್ಯಂಗದ ಎಣ್ಣೆಗೆ ಆ ಹೊತ್ತಿನಲ್ಲಿ ಕೆಲಸವಿರಲಿಲ್ಲ, ಅದು ಬದುಕಿರುವವರಿಗೆ. ಸಾಕಾಗುತ್ತದೆ ತಾಯಿ ಎಂದೆ. ಅವಳು ಒಳಗೆ ಹೋಗಿ ನನಗೆ ಕಾಫಿ ತಂದಳು. ಆ ಕಾಫಿ ಗಂಟಲಲ್ಲಿ ಇಳಿದ ರೀತಿ ಇವತ್ತಿಗೂ ಮರೆತಿಲ್ಲ. ಸಭಾಭವನದಲ್ಲಿ ಈಗ ಮದುವೆಗಳು ನಡೆಯುತ್ತವೆ, ಬಾಗಿಲ ಪಕ್ಕದ ಕಲ್ಲಿನಲ್ಲಿ ನನ್ನ ಹೆಸರೂ ಇದೆ. ನಾನು ಆ ಕಡೆ ಹೋಗುವುದು ಕಡಿಮೆ.

ಅದಕ್ಕೇ ಕೆಲಸವೇ ಪ್ರಾರ್ಥನೆ ಎಂದು ನಿನಗೆ ಸುಲಭವಾಗಿ ಹೇಳಿ ಕೈತೊಳೆದುಕೊಳ್ಳಲಾರೆ. ಕೆಲಸದ ನಡುವೆ ಎಲ್ಲಾದರೂ ಒಂದು ಕ್ಷಣ ನಿಲ್ಲದಿದ್ದರೆ ಅದು ಬರೀ ಕೆಲಸವಾಗಿ, ಆಮೇಲೆ ಸಿಟ್ಟಾಗಿ, ಆಮೇಲೆ ಲೆಕ್ಕವಾಗುತ್ತದೆ. ನಿನಗೆ ಹೊಸದಾಗಿ ಸಮಯ ಹುಡುಕು ಎನ್ನುವುದಿಲ್ಲ. ಬೆನ್ನಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೀಯಲ್ಲ, ಅದೇ ನಿನ್ನ ಮಠದ ಗಂಟೆ ಎಂದುಕೋ. ಸನ್ಯಾಸಿಗಳೂ ನಡುರಾತ್ರಿ ಗಂಟೆಯ ಸದ್ದಿಗೆ ಗೊಣಗುತ್ತಲೇ ಏಳುವವರು. ಅಲಾರಂ ಆರಿಸಿ, ಅವರ ಭುಜಕ್ಕೆ ಕೈ ಕೊಡುವ ಮೊದಲು, ಒಂದು ಸಲ ನಿನ್ನ ಹಣೆಗೆ ಶಿಲುಬೆಯ ಗುರುತು ಹಾಕಿಕೋ. ಮೂರು ಸೆಕೆಂಡು. ಜಪಸರ ಹಿಡಿದು ಎರಡನೆಯ ಮಣಿಗೇ ನಿದ್ದೆ ಹೋಗುತ್ತೇನೆ ಎಂದಿದ್ದೀಯೆ. ಹೋಗು. ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಳೂ ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದವಳು, ಧರ್ಮಸಭೆ 1997ರಲ್ಲಿ ಅವಳನ್ನು ಧರ್ಮಬೋಧೆಯ ಆಚಾರ್ಯರ ಸಾಲಿಗೆ ಸೇರಿಸಿತು.

ನಿನ್ನ ಗಂಡನ ವಿಷಯಕ್ಕೆ ಬರುತ್ತೇನೆ. ಅಳಿಯ ಒಳ್ಳೆಯವನು, ನನಗೂ ಇಷ್ಟ. ಆದರೆ ಆಸ್ಪತ್ರೆಯ ಬಿಲ್ಲು ಕಟ್ಟುವುದು, ಗಾಳಿ ಹಾಸಿಗೆ ತರಿಸುವುದು ಅವನದು, ಮೈ ಮುಟ್ಟುವ ಕೆಲಸವೆಲ್ಲಾ ನಿನ್ನದು ಎಂಬ ಈ ಹಂಚಿಕೆಯನ್ನು ಮಾಡಿದವರಾರು? ಅವನಿಗೆ ಸಂಕೋಚವಂತೆ. ಹೆತ್ತವಳ ಮೈಗೆ ಮಗನಿಗೇಕೆ ಸಂಕೋಚ? ರಾತ್ರಿ ಹನ್ನೆರಡರ ಮತ್ತು ಎರಡರ ಸರದಿ ಅವನಿಗೆ ಕೊಡು. ಮೊದಲ ವಾರ ಅಡ್ಡಾದಿಡ್ಡಿ ಮಾಡುತ್ತಾನೆ, ನೀನು ಎದ್ದು ಸರಿಪಡಿಸಲು ಹೋಗಬೇಡ. ಎಲ್ಲವನ್ನೂ ನಾನೇ ಮಾಡಿದರೆ ಸರಿ ಎಂಬ ಹಟ ನಿನ್ನಜ್ಜಿಯಿಂದ ಬಂದದ್ದು, ನನಗೂ ಬಂದಿದೆ. ಕೈ ಎರವಲು ಕೊಡುವವಳು ಎರವಲು ಪಡೆಯುವುದನ್ನೂ ಕಲಿಯಬೇಕು.

ಶುಕ್ರವಾರ ಹನ್ನೊಂದು ಗಂಟೆಗೆ ಜಾಲಹಳ್ಳಿಗೆ ಬರುತ್ತೇನೆ. ನಿಮ್ಮ ಗುರುಗಳಿಗೆ ಫೋನ್ ಮಾಡಿ ಹೇಳಿದ್ದೇನೆ, ನಿನಗೆ ಪರಮಪ್ರಸಾದ ನಾನೇ ತರುತ್ತೇನೆ. ಸ್ಕೂಟರಿನಲ್ಲೇ ಬರುವುದು. ಎದೆಯ ಜೇಬಿನಲ್ಲಿ ಪ್ರಭುವನ್ನು ಇಟ್ಟುಕೊಂಡಾಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಯಾರು ಎಷ್ಟೇ ಬೈದರೂ ತಿರುಗಿ ಬೈಯುವ ಹಾಗಿಲ್ಲ, ಅದೊಂದು ಕಷ್ಟ. ನಮ್ಮ ಕಾನ್ವೆಂಟಿನ ನರ್ಸ್ ಸಿಸ್ಟರ್ ಒಬ್ಬರು ಬಸ್ಸಿನಲ್ಲಿ ಬಂದು ಸೇರಿಕೊಳ್ಳುತ್ತಾರೆ.

ಈ ಭಾನುವಾರ ಶಿವರಾತ್ರಿ. ಬೀಗಿತ್ತಿಯವರು ಪ್ರತಿ ವರ್ಷ ಕಾಡು ಮಲ್ಲೇಶ್ವರನ ಗುಡಿಯಲ್ಲಿ ಜಾಗರಣೆ ಮಾಡುತ್ತಿದ್ದವರು ಎಂದು ನೀನು ಹೇಳಿದ್ದೆ. ಗೂಡಿನಲ್ಲಿರುವ ವಿಭೂತಿ ಗಟ್ಟಿ ಸವೆದು ಹೆಬ್ಬೆರಳಿನಷ್ಟಾಗಿದೆ ಎಂದೂ ಬರೆದಿದ್ದೀಯೆ. ದಾರಿಯಲ್ಲಿ ಮಲ್ಲೇಶ್ವರದಲ್ಲಿ ಇಳಿದು ಹೊಸದೊಂದು ಕೊಂಡು ತರುತ್ತೇನೆ. ಬಿಳಿ ನಿಲುವಂಗಿಯ ಪಾದ್ರಿ ವಿಭೂತಿ ಚೌಕಾಸಿ ಮಾಡುವುದನ್ನು ಕಂಡು ಅಂಗಡಿಯವನು ಏನೆಂದುಕೊಳ್ಳುತ್ತಾನೋ ನೋಡೋಣ.

ಅಡುಗೆ ಮಾಡಬೇಡ, ಚಿತ್ರಾನ್ನ ಕಟ್ಟಿಸಿಕೊಂಡು ಬರುತ್ತೇನೆ. ಗಂಜಿಯ ಅಳತೆ, ಮಾತ್ರೆಗಳ ಹೊತ್ತು ಸಿಸ್ಟರಿಗೆ ತೋರಿಸಿಕೊಟ್ಟು ನೀನು ಒಳಗೆ ಹೋಗಿ ಮಲಗು. ಅಲಾರಂ ಇರುವ ಮೊಬೈಲನ್ನು ನನ್ನ ಕೈಗೆ ಕೊಟ್ಟು ಮಲಗು.

ನಿನ್ನ
ಫಾದರ್ ಮಾಮ