ಜೀಪು ಹಳೆಯದು ಅನ್ನುವ ಮೊದಲು ಮುಂದಿನ ಹಬ್ ಬಿಚ್ಚಿಸಿ

ಸಂಪಾದಕರಿಗೆ ನಮಸ್ಕಾರ.

ಕೊಡಚಾದ್ರಿಗೆ ಜನರನ್ನು ಹತ್ತಿಸುವ ಹಳೆಯ ಜೀಪುಗಳನ್ನೆಲ್ಲ ಗುಜರಿಗೆ ಹಾಕಬೇಕು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಮುಂದಿನ ಚಕ್ರದಿಂದ ಗೊರಗೊರ ಸದ್ದು ಬರುತ್ತಿತ್ತಂತೆ, ಸ್ಟೇರಿಂಗ್ ನಡುಗುತ್ತಿತ್ತಂತೆ. ಡ್ರೈವರನ್ನು ಕೇಳಿದರೆ 'ಹಳೇ ಗಾಡಿ ಅಲ್ವಾ ಸಾರ್, ಹಂಗೇ ಅದು' ಅಂದನಂತೆ. ಓದುಗರ ಹೆದರಿಕೆ ಸರಿಯಾಗಿದೆ. ಡ್ರೈವರ್ ಕೊಟ್ಟ ಕಾರಣ ಮಾತ್ರ ಸುಳ್ಳು. ಹೊಸನಗರ ತಾಲ್ಲೂಕಿನಲ್ಲಿ ಜೀಪು ರಿಪೇರಿ ಮಾಡಿಕೊಂಡೇ ಬದುಕಿದವನು ನಾನು. ಆ ಸದ್ದು ಗಾಡಿಯ ವಯಸ್ಸಿನದ್ದಲ್ಲ, ಬಿಚ್ಚದೆ ಬಿಟ್ಟ ಹಬ್ಬಿನದು. ಹಬ್ಬು ಅಂದರೆ ಬೇರಿಂಗುಗಳು ಕೂತಿರುವ ಚಕ್ರದ ನಡುಭಾಗ. ಅದನ್ನು ಹೇಳಲಿಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕಬೇಡಿ.

ಮಲೆನಾಡಿಗೆ ಈ ಗಾಡಿ ಹೊಸದೇನಲ್ಲ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದರು. ಆಮೇಲೆ ಮಿಲಿಟರಿಯವರು ಹರಾಜು ಹಾಕಿದ ಡಿಸ್ಪೋಸಲ್ ಜೀಪುಗಳು ಬಂದವು. ಅಡಿಕೆ ಮೂಟೆ, ಗೊಬ್ಬರ, ಬಸುರಿ ಹೆಂಗಸರು, ಮದುವೆ ದಿಬ್ಬಣ ಎಲ್ಲ ಇದರಲ್ಲೇ ಹೋಗುತ್ತಿದ್ದವು. ಈಗ ಪ್ರವಾಸಿಗರ ಕಾಲ. ಕೊಲ್ಲೂರು ಕಡೆಯಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ಜೀಪಿಲ್ಲದೆ ನಡೆಯುವುದಿಲ್ಲ. ಕೊಡಚಾದ್ರಿ 1343 ಮೀಟರ್ ಎತ್ತರ. ಕೊನೆಯ ದಾರಿಯನ್ನು ರಸ್ತೆ ಅನ್ನುವುದಕ್ಕಿಂತ ಕಲ್ಲು ತುಂಬಿದ ಹಳ್ಳ ಅನ್ನುವುದು ವಾಸಿ. ಅಲ್ಲಿ ನಾಲ್ಕೂ ಚಕ್ರ ಎಳೆದರೇ ಗಾಡಿ ಹತ್ತುವುದು.

ಮುಂದಿನ ಚಕ್ರ ಎಳೆಯುವುದಷ್ಟೇ ಅಲ್ಲ, ತಿರುಗಬೇಕು, ಭಾರ ಹೊರಬೇಕು, ಬ್ರೇಕೂ ಹಿಡಿಯಬೇಕು. ಇಷ್ಟೂ ಕೆಲಸ ಒಂದು ಹಬ್ಬಿನ ಸುತ್ತ ನಡೆಯುತ್ತದೆ. ಹಳೆಯ ವಿಲ್ಲಿಸ್ ಮಾದರಿಯ ಆಕ್ಸಲ್ಲಿನಲ್ಲಿ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗೂಟ) ಮೇಲೆ ಎರಡು ಟೇಪರ್ ಬೇರಿಂಗುಗಳು ಎದುರುಬದುರಾಗಿ ಕೂತಿರುತ್ತವೆ, ಒಳಗೊಂದು ಹೊರಗೊಂದು. ಎರಡೂ ಒಂದೇ ಸೈಜು. ರೋಲರುಗಳಿರುವ ಒಳಭಾಗಕ್ಕೆ ಕೋನ್ ಅಂತ, ಹೊರಗಿನ ಬಳೆಗೆ ಕಪ್ ಅಂತ ಹೆಸರು. ಅಂಗಡಿಯಲ್ಲಿ ಕೋನ್ 18590, ಕಪ್ 18520 ಅಂತ ಕೇಳಿದರೆ ಕೊಡುತ್ತಾರೆ. ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಮಾಡಿಸಿದ ಬಗೆಯ ಬೇರಿಂಗ್ ಅದು. ರೋಲರುಗಳು ಓರೆಯಾಗಿ ಕೂತಿರುವುದರಿಂದ ಮೇಲಿನ ಭಾರವನ್ನೂ ತಡೆಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಬೀಳುವ ಒತ್ತಡವನ್ನೂ ತಡೆಯುತ್ತದೆ. ಆದರೆ ಅದಕ್ಕೊಂದು ಷರತ್ತಿದೆ. ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಕಟ್ಟುವವನೇ ಕೈಯಾರೆ ಹೊಂದಿಸಬೇಕು. ಈಗಿನ ಎಷ್ಟೋ ಕಾರುಗಳಲ್ಲಿ ಹಬ್ಬು ಬೇರಿಂಗು ಒಂದೇ ಗಟ್ಟಿ, ಹಾಳಾದರೆ ಇಡಿಯಾಗಿ ಬದಲಾಯಿಸಿ ಬಿಸಾಕುತ್ತಾರೆ. ಹಳೆಯ ಜೀಪಿನದನ್ನು ಬಿಚ್ಚಬಹುದು, ತೊಳೆಯಬಹುದು, ಮತ್ತೆ ಕಟ್ಟಬಹುದು. ಗುಜರಿಗೆ ಹಾಕಿ ಅನ್ನುವವರು ಇದನ್ನು ಗಮನಿಸಬೇಕು.

ಹಾಗಾದರೆ ಹಾಳಾಗುವುದು ಯಾಕೆ? ನೀರು. ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಡ್ರಮ್ಮು, ಹಬ್ಬು ಎರಡೂ ಕಾದಿರುತ್ತವೆ. ಕೆಳಗೆ ಬಂದವರೇ ಗಾಡಿಯನ್ನು ಸೀದಾ ಹೊಳೆಗೆ ಇಳಿಸಿ ತೊಳೆಯುತ್ತಾರೆ. ಕಾದ ಹಬ್ಬು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ಗ್ರೀಸು ಸೋರದಂತೆ, ನೀರು ನುಗ್ಗದಂತೆ ತಡೆಯುವ ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸೀಲು ಹೊಸದಿದ್ದರೆ ತಡೆದೀತು. ತುಟಿ ಗಟ್ಟಿಯಾಗಿ ಸೀಳು ಬಿಟ್ಟ ಸೀಲು ಏನು ತಡೆಯುತ್ತದೆ? ಮಳೆಗಾಲ ಮುಗಿದ ಮೇಲೆ ಅಂಥ ಹಬ್ ಬಿಚ್ಚಿದರೆ ಗ್ರೀಸು ಹಾಲು ಹಾಕಿದ ರಾಗಿ ಗಂಜಿಯ ಬಣ್ಣಕ್ಕೆ ತಿರುಗಿರುತ್ತದೆ. ರೋಲರುಗಳ ಮೇಲೆ ಕಂದು ಚುಕ್ಕೆ. ಆ ಚುಕ್ಕೆ ಆಮೇಲೆ ಗುಳಿ ಆಗುತ್ತದೆ. ಗುಳಿಯಿಂದ ಎದ್ದ ಉಕ್ಕಿನ ಪುಡಿ ಗ್ರೀಸಿನ ಜೊತೆ ಸೇರಿ ಉಳಿದದ್ದನ್ನೂ ಅರೆಯುತ್ತದೆ. ಓದುಗರಿಗೆ ಕೇಳಿಸಿದ ಗೊರಗೊರ ಅದೇ.

ಇನ್ನೊಂದು ಅಪಾಯ ಜನರಿಗೆ ಗೊತ್ತೇ ಇರುವುದಿಲ್ಲ. ಒಳಗಿನ ಸೀಲು ಹೋದರೆ ನೀರು ಒಳಗೆ ಬರುವುದಷ್ಟೇ ಅಲ್ಲ, ಗ್ರೀಸು ಹೊರಗೂ ಹೋಗುತ್ತದೆ. ಹೋಗಿ ಬೀಳುವುದು ಬ್ರೇಕ್ ಲೈನರ್ ಮೇಲೆ, ಅಂದರೆ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿಯ ಮೇಲೆ. ಆಗ ಬ್ರೇಕ್ ಒತ್ತಿದರೆ ಒಂದು ಕಡೆ ಹಿಡಿಯುತ್ತದೆ, ಇನ್ನೊಂದು ಕಡೆ ಜಾರುತ್ತದೆ, ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಚಕ್ರ ಕಳಚಿ ಬೀಳುವುದಕ್ಕೆ ತುಂಬಾ ಮೊದಲೇ ಬ್ರೇಕ್ ಕೈಕೊಡುತ್ತದೆ. ಇಳಿಜಾರಿನಲ್ಲಿ ಯಾವುದು ಜಾಸ್ತಿ ಭಯ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇದನ್ನು ಕಂಡುಹಿಡಿಯಲು ಮೆಷಿನ್ ಬೇಕಿಲ್ಲ. ಮುಂದಿನ ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲ, ಇದ್ದರೆ ಕೈಗೇ ಗೊತ್ತಾಗುತ್ತದೆ. ಈಗ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಪ್ಲೇ ನಿಂತು ಹೋದರೆ ತಪ್ಪು ಹಬ್ ಬೇರಿಂಗಿನದು. ಬ್ರೇಕ್ ಹಿಡಿದರೂ ಅಲ್ಲಾಡುತ್ತಿದ್ದರೆ ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗಿನದು. ಹಲವರು ಇಷ್ಟು ನೋಡದೆಯೇ ಕಿಂಗ್ ಪಿನ್ ಬದಲಾಯಿಸಿ ದುಡ್ಡು ಹಾಳು ಮಾಡಿಕೊಳ್ಳುತ್ತಾರೆ. ಆಮೇಲೂ ಸ್ಟೇರಿಂಗ್ ನಡುಗಿದರೆ, ಅದೇ ಮಾತು: ಹಳೇ ಗಾಡಿ.

ಬಿಚ್ಚುವ ಕೆಲಸದಲ್ಲೂ ಅನಾಹುತ ಮಾಡುವವರಿದ್ದಾರೆ. ಹಳೆಯ ವಿಲ್ಲಿಸ್ ಮಾದರಿಯಲ್ಲಿ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್ಡಿನವು. ಅದು ಗೊತ್ತಿಲ್ಲದ ಹುಡುಗರು ಪೈಪು ಹಾಕಿ ತಿರುವಿ ಸ್ಟಡ್ಡೇ ಮುರಿಯುತ್ತಾರೆ. ಹಬ್ಬಿನ ಒಳಗಿನ ದೊಡ್ಡ ನಟ್ಟಿಗೆ ಬೇರೆಯದೇ ಹಬ್ ಸ್ಪ್ಯಾನರ್ ಇದೆ. ಅದನ್ನು ಕೊಳ್ಳಲು ಜಿಪುಣತನ ಮಾಡಿ ಚಿಸೆಲ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಚ್ಚುವುದು, ಹಾಗೇ ಹೊಡೆದು ಬಿಗಿ ಮಾಡುವುದು. ನಟ್ಟಿನ ಮೂಲೆಗಳೆಲ್ಲ ಹಾರಿ ಹೋದ ಜೀಪು ಬಂದರೆ, ಮುಂಚೆ ಯಾರು ಕಟ್ಟಿದ್ದು ಅಂತ ನಾನು ಕೇಳುವುದೇ ಇಲ್ಲ.

ಸರಿಯಾಗಿ ಕಟ್ಟುವುದು ಹೇಗೆ ಅಂತ ಹೇಳುತ್ತೇನೆ. ಮಾಲೀಕರು ಪಕ್ಕದಲ್ಲಿ ನಿಂತು ನೋಡಲಿ, ನಾಚಿಕೆ ಬೇಡ. ಹಬ್ಬಿನಲ್ಲಿರುವ ಹಳೆಯ ಗ್ರೀಸನ್ನೆಲ್ಲ ಬಳಿದು ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆಯಬೇಕು. ತೊಳೆದ ಬೇರಿಂಗಿಗೆ ಕಂಪ್ರೆಸರ್ ಗಾಳಿ ಬಿಟ್ಟು ಗಿರ್ರನೆ ತಿರುಗಿಸುವ ಆಟ ಬೇಡ. ಎಣ್ಣೆ ಇಲ್ಲದ ಬೇರಿಂಗು ಹಾಳಾಗುತ್ತದೆ, ರೋಲರುಗಳನ್ನು ಹಿಡಿದಿಡುವ ಕೇಜು ಬಿಟ್ಟು ರೋಲರು ಮುಖಕ್ಕೆ ಹಾರಿದರೂ ಹಾರೀತು. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡಬೇಕು. ಮಸುಕು ಬೂದು ಬಣ್ಣ ಸಮವಾಗಿದ್ದರೆ ಇನ್ನೂ ಓಡುತ್ತದೆ. ನೀಲಿ ಬಂದಿದ್ದರೆ ಕಾದು ಸತ್ತಿದೆ. ಗುಳಿ ಇದ್ದರೆ, ಕಪ್ ಮೇಲೆ ರೋಲರ್ ಕೂತ ಜಾಗದಲ್ಲಿ ಗೆರೆ ಮೂಡಿದ್ದರೆ, ಬದಲಾಯಿಸಲೇಬೇಕು. ಬದಲಾಯಿಸುವಾಗ ಕೋನ್, ಕಪ್ ಎರಡೂ ಹೊಸದಾಗಬೇಕು. ಕಪ್ ಹೊಡೆದು ತೆಗೆಯುವುದು ಕಷ್ಟ ಅಂತ ಹಳೆಯ ಕಪ್ಪಿಗೇ ಹೊಸ ಕೋನ್ ಹಾಕುವವರು ಗಿರಾಕಿಗೆ ಮೋಸ ಮಾಡುತ್ತಿದ್ದಾರೆ ಅಂತಲೇ ಅರ್ಥ.

ಗ್ರೀಸ್ ತುಂಬುವುದಕ್ಕೆ ಮಾತ್ರ ಕೈಗಿಂತ ಒಳ್ಳೆಯ ಟೂಲ್ ನಾನು ಕಂಡಿಲ್ಲ. ಎಡ ಅಂಗೈಯಲ್ಲಿ ಒಂದು ಮುದ್ದೆ ಬೇರಿಂಗ್ ಗ್ರೀಸು. ಬಲಗೈಯಲ್ಲಿ ಕೋನ್ ಹಿಡಿದು ಅದರ ಅಗಲದ ಅಂಚನ್ನು ಗ್ರೀಸಿಗೆ ಒತ್ತಿ ಒತ್ತಿ ಎಳೆಯಬೇಕು. ಎರಡು ಮೂರು ಸಲ ಒತ್ತಿದರೆ ಆ ಕಡೆಯ ಸಂದಿಯಿಂದ ಗ್ರೀಸು ಎಳೆ ಎಳೆಯಾಗಿ ಹೊರಗೆ ಬರುತ್ತದೆ. ಆಗ ಕೋನನ್ನು ಸ್ವಲ್ಪ ತಿರುಗಿಸಿ ಪಕ್ಕದ ರೋಲರುಗಳಿಗೆ ಹೋಗಬೇಕು. ಹೀಗೆ ಒಂದು ಸುತ್ತು ಪೂರ್ತಿ. ಮೇಲೆ ಮೇಲೆ ಬಳಿದರೆ ನೋಡಲು ಚೆಂದ, ಒಳಗೆ ಒಣ. ಇನ್ನು ಕೆಲವರು ಹಬ್ಬಿನ ಹೊಟ್ಟೆ ತುಂಬಾ ಗ್ರೀಸು ತುರುಕುತ್ತಾರೆ. ಅದೂ ತಪ್ಪು. ಕಾದಾಗ ಹಿಗ್ಗಿ ಸೀಲನ್ನೇ ತಳ್ಳಿಕೊಂಡು ಬ್ರೇಕಿಗೆ ಹೋಗುತ್ತದೆ.

ಕೊನೆಗೆ ಬಿಗಿ. ಒಳಗಿನ ನಟ್ಟನ್ನು ಹಬ್ ತಿರುಗಿಸುತ್ತಲೇ ಬಿಗಿ ಮಾಡುತ್ತಾ ಹೋಗಬೇಕು. ಹಬ್ಬು ಹಿಡಿದುಕೊಂಡಿತು ಅನ್ನಿಸಿದಾಗ ನಿಲ್ಲಿಸಿ, ಆರನೇ ಒಂದು ಸುತ್ತು ಹಿಂದಕ್ಕೆ ಬಿಡಬೇಕು. ನಟ್ಟಿಗೆ ಆರು ಮುಖ, ಹಾಗಾಗಿ ಒಂದು ಮುಖದಷ್ಟು ಬಿಟ್ಟರೆ ಸರಿಹೋಯಿತು. ಈಗ ಹಬ್ಬು ಕೈಯಲ್ಲಿ ಸಲೀಸಾಗಿ ತಿರುಗಬೇಕು, ಹಿಡಿದು ಅಲ್ಲಾಡಿಸಿದರೆ ಅಲ್ಲಾಡಬಾರದು. ಆಮೇಲೆ ಹೊಸ ಲಾಕ್ ವಾಷರ್, ಅದರ ಮೇಲೆ ಲಾಕ್ ನಟ್, ವಾಷರಿನ ಕಿವಿಯನ್ನು ನಟ್ಟಿನ ಮೇಲೆ ಮಡಚುವುದು. ಈ ವಾಷರಿಗೆ ಎಷ್ಟು ಮಹಾ ಬೆಲೆ? ಆದರೂ ಹಳೆಯದನ್ನೇ ತಟ್ಟಿ ನೇರ ಮಾಡಿ ಹಾಕುತ್ತಾರೆ. ಎರಡು ಮೂರು ಸಲ ಮಡಚಿದ ಕಿವಿ ದಾರಿಯಲ್ಲಿ ಮುರಿಯುತ್ತದೆ, ನಟ್ಟು ಸಡಿಲಾಗುತ್ತದೆ. ಚಕ್ರ ಕಳಚಿತು ಅಂತ ನೀವು ಪೇಪರಿನಲ್ಲಿ ಹಾಕುವ ಸುದ್ದಿಗಳಲ್ಲಿ ಕೆಲವಾದರೂ ಇಲ್ಲಿಂದಲೇ ಶುರುವಾಗಿರುತ್ತವೆ ಅಂತ ನನ್ನ ಅನುಮಾನ. ಕಟ್ಟಿದ ಮೇಲೆ ನಾಲ್ಕಾರು ಕಿಲೋಮೀಟರ್ ಓಡಿಸಿ, ಬ್ರೇಕ್ ಕಡಿಮೆ ಹಿಡಿದು, ಹಬ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬಿಗಿ ಜಾಸ್ತಿಯಾಗಿದೆ, ಮತ್ತೆ ಬಿಚ್ಚಿ.

ಖರ್ಚಿನ ಮಾತು ಬರುತ್ತದೆ, ಬರಲಿ. ಎರಡೂ ಬದಿಯ ಬೇರಿಂಗು, ಸೀಲು, ವಾಷರು, ಗ್ರೀಸು, ನಮ್ಮ ಕೂಲಿ ಸೇರಿಸಿದರೂ ಒಂದು ಜೊತೆ ಒಳ್ಳೆಯ ಟೈರಿನ ಬೆಲೆಗೆ ಮುಟ್ಟುವುದಿಲ್ಲ. ಟೈರ್ ಬೋಳಾದರೆ ಗಿರಾಕಿ ನೋಡಿ ಬೈಯುತ್ತಾನೆ ಅಂತ ಬದಲಾಯಿಸುತ್ತಾರೆ. ಹಬ್ಬಿನ ಒಳಗೆ ಯಾರೂ ನೋಡುವುದಿಲ್ಲ. ಹೆಡ್‌ಲೈಟಿಗೆ ಎಲ್‌ಇಡಿ, ಬಾನೆಟ್ಟಿಗೆ ಸ್ಟಿಕರ್ರು, ಹಿಂದೆ ದೊಡ್ಡ ಸ್ಪೀಕರ್ರು, ಇದಕ್ಕೆಲ್ಲ ದುಡ್ಡಿದೆ. ಸುಮ್ನೆ ಹೇಳುತ್ತಿಲ್ಲ, ನೀವೇ ಜೀಪು ಸ್ಟ್ಯಾಂಡಿಗೆ ಹೋಗಿ ನೋಡಿ.

ಡ್ರೈವರುಗಳನ್ನಷ್ಟೇ ಬೈದರೆ ನ್ಯಾಯ ಆಗುವುದಿಲ್ಲ. ಹಲವರು ಬಾಡಿಗೆಗೆ ಓಡಿಸುವವರು. ಸೀಸನ್ನಿನಲ್ಲಿ ಗಾಡಿ ಒಂದು ದಿನ ನಿಂತರೆ ಅವರ ಸಂಪಾದನೆ ನಿಂತಂತೆ. ಮಾಲೀಕ ಊರಲ್ಲಿರುವುದಿಲ್ಲ, ಫೋನಿನಲ್ಲೇ ಲೆಕ್ಕ ಕೇಳುತ್ತಾನೆ. 'ಓಡ್ತಾ ಇದೆಯಲ್ಲ, ಮತ್ಯಾಕೆ ಬಿಚ್ಚೋದು' ಅನ್ನುತ್ತಾನೆ. ಬೇರಿಂಗಿನ ವಿಷಯದಲ್ಲಿ ಓಡುತ್ತಿದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಪೂರ್ತಿ ಕೆಟ್ಟ ಬೇರಿಂಗೂ ಒಂದಷ್ಟು ದಿನ ಓಡುತ್ತದೆ.

ಇನ್ನು ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಆಗಲೇಬೇಕು. ಕೇಂದ್ರ ಸರ್ಕಾರ 2021ರಲ್ಲಿ ತಂದ ಗುಜರಿ ನೀತಿಯೂ ಸರ್ಕಾರದ್ದಲ್ಲದ ಗಾಡಿಗಳ ಮಟ್ಟಿಗೆ ಪರೀಕ್ಷೆಯನ್ನೇ ನಂಬಿದೆ. ಪಾಸಾದರೆ ಓಡಿಸಬಹುದು, ಫೇಲಾದರೆ ಗುಜರಿ. ಹದಿನೈದು ವರ್ಷ ಆಯಿತೆಂದು ಗಾಡಿಯನ್ನು ಕಡ್ಡಾಯವಾಗಿ ತೆಗೆಯುವ ನಿಯಮ 2023ರ ಏಪ್ರಿಲ್ 1ರಿಂದ ಬಂದಿದ್ದು ಸರ್ಕಾರಿ ವಾಹನಗಳಿಗೆ. ಅಂದರೆ ಪರೀಕ್ಷೆ ಗಟ್ಟಿಯಾಗಿದ್ದರೆ ಓದುಗರ ಭಯಕ್ಕೆ ಪರಿಹಾರ ಈಗಾಗಲೇ ಇದೆ. ನಾನು ನೋಡಿದ ಮಟ್ಟಿಗೆ ಲೈಟು, ಹಾರ್ನು, ರಿಫ್ಲೆಕ್ಟರ್ ಸ್ಟಿಕರು, ಪೇಂಟು ನೋಡುತ್ತಾರೆ. ಮುಂದಿನ ಚಕ್ರಕ್ಕೆ ಜಾಕಿ ಕೊಟ್ಟಿದ್ದನ್ನು ನಾನು ಕಂಡಿಲ್ಲ. ಎಲ್ಲ ಕಡೆ ಹೀಗೆ ಅಂತ ನಾನು ಹೇಳುವುದಿಲ್ಲ. ಮೇಲೆ ಹೇಳಿದ ಕೈಯ ಪರೀಕ್ಷೆಗೆ ಹತ್ತು ನಿಮಿಷ ಸಾಕು.

ನನ್ನ ಕೋರಿಕೆ ಇಷ್ಟೇ. ಬೆಟ್ಟಕ್ಕೆ ಜನ ಒಯ್ಯುವ ಪ್ರತಿ ಜೀಪೂ ಮಳೆಗಾಲ ಮುಗಿದ ಕೂಡಲೇ ಮುಂದಿನ ಎರಡೂ ಹಬ್ ಬಿಚ್ಚಿಸಿ, ಸೀಲು ಬದಲಾಯಿಸಿ, ಗ್ರೀಸ್ ತುಂಬಿಸಿದ ಬಿಲ್ಲು ಇಟ್ಟುಕೊಂಡಿರಬೇಕು. ಬೆಟ್ಟಕ್ಕೆ ಬಿಡುವ ಗೇಟಿನಲ್ಲಿ ಪ್ರವೇಶ ಶುಲ್ಕ ವಸೂಲಿ ಮಾಡುವವರೇ ಈ ಬಿಲ್ಲನ್ನೂ ನೋಡಲಿ. ಎಫ್‌ಸಿಯಲ್ಲಿ ಜಾಕಿ ಕೊಟ್ಟು ನೋಡಲಿ. ಸುಳ್ಳು ಬಿಲ್ಲು ಮಾಡಿಸುವವರೂ ಇರುತ್ತಾರೆ, ಗೊತ್ತು. ಅದಕ್ಕೇ ಜೀಪು ಸಂಘದವರು ಬದಲಾಯಿಸಿದ ಹಳೆಯ ಸೀಲು, ವಾಷರುಗಳನ್ನು ಮಾಲೀಕರಿಂದ ಕೇಳಿ ಪಡೆಯಲಿ. ಐಟಿಐಗಳಲ್ಲಿ ಕಲಿಯುವ ಹುಡುಗರಿಗೆ ಈ ಕೆಲಸವನ್ನು ಹಳೆಯ ಆಕ್ಸಲ್ ಮೇಲೆ ಕೈಯಾರೆ ಮಾಡಿಸಿದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಗುಜರಿ ಅಂಗಡಿಗಳಲ್ಲಿ ಆಕ್ಸಲ್ಲಿಗೆ ಬರವಿಲ್ಲ. ಕೇಳಿದರೆ ನಾನೇ ಒಂದು ಕೊಡುತ್ತೇನೆ, ಹಬ್ ಸ್ಪ್ಯಾನರ್ ಸಮೇತ.

ಈ ಪತ್ರವನ್ನು ಸೆಪ್ಟೆಂಬರಿನಲ್ಲೇ ಹಾಕಿದರೆ ಉಪಯೋಗ. ದಸರಾ ರಜೆ ಶುರುವಾದ ಮೇಲೆ ಯಾವ ಜೀಪೂ ಗ್ಯಾರೇಜಿಗೆ ತಾನಾಗಿ ಬರುವುದಿಲ್ಲ, ಎಳೆದು ತಂದರೇ ಬರುವುದು.

ಇಂತಿ,
ಜೀಪು ಮೆಕ್ಯಾನಿಕ್ ಒಬ್ಬ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ