ಐತಿಹಾಸಿಕ ಪ್ರೇಮಕಥೆ ಹಾಕುವ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಥೆ ಹಾಕುವಾಗ ಶೀರ್ಷಿಕೆಯ ಕೆಳಗೆ ಕಾಲ, ಊರು ಎರಡನ್ನೂ ಬರೆಯಿರಿ. ‘ರಾಜರ ಕಾಲ’ ಅಂದರೆ ಸಾಲದು. ಹೊಯ್ಸಳರ ದೋರಸಮುದ್ರ, 1565ಕ್ಕೆ ಮುಂಚಿನ ವಿಜಯನಗರ, ಕೆಳದಿ ಚೆನ್ನಮ್ಮನ ಬಿದನೂರು, ಮೂರೂ ಬೇರೆ ಬೇರೆ ಲೋಕ.

ಹೆಚ್ಚು ಜನ ಎಡವುವುದು ಪ್ರೇಮಪತ್ರದಲ್ಲಿ. ವಿಜಯನಗರದ ನಾಯಕಿ ಓಲೆಗರಿಯ ಮೇಲೆ ಕಂಟದಿಂದ (ಚೂಪು ಮೊನೆಯ ಕಬ್ಬಿಣದ ಲೇಖನಿ) ಕೊರೆದು ಬರೆಯುತ್ತಾಳೆ. ಮಸಿ ಸವರಿ ಒರೆಸಿದ ಮೇಲೆಯೇ ಅಕ್ಷರ ಎದ್ದು ಕಾಣುವುದು. ಹಾಗಾಗಿ ಕಣ್ಣೀರು ಬಿದ್ದು ಅಕ್ಷರ ಕಲಸಿಹೋಗುವ ದೃಶ್ಯ ಅಲ್ಲಿ ನಿಲ್ಲುವುದಿಲ್ಲ. ಅದು ಬೇಕೇ ಬೇಕೆಂದರೆ ಕಡತ ತನ್ನಿ: ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಸಿದ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆದದ್ದು ಒದ್ದೆ ಕೈಗೆ ಅಳಿಸುತ್ತದೆ. ಕಡತ ಲೆಕ್ಕಪತ್ರದ ವಸ್ತು. ನಾಯಕ ಶಾನುಭೋಗರ ಮನೆಯವನಾದರೆ ಇನ್ನೂ ಚೆಂದ.

ಹೊಯ್ಸಳರ ಅಡುಗೆಮನೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಸೀಬೆ, ಕಡಲೆಕಾಯಿ ಬೇಡ. ಇವೆಲ್ಲ ಅಮೆರಿಕದ ಬೆಳೆಗಳು, 1498ರಲ್ಲಿ ಪೋರ್ಚುಗೀಸರು ಬಂದ ಮೇಲಿನವು. ಖಾರಕ್ಕೆ ಕರಿಮೆಣಸು, ಶುಂಠಿ.

‘ಐದು ನಿಮಿಷ ಕಾದಳು’ ಬೇಡ. ಒಂದು ಗಳಿಗೆ ಎಂದರೆ 24 ನಿಮಿಷ, ಏಳೂವರೆ ಗಳಿಗೆಗೆ ಒಂದು ಜಾವ. ಗಳಿಗೆಗಿಂತ ಕಡಿಮೆಯಾದರೆ ‘ಎಲೆಅಡಿಕೆ ಮೆಲ್ಲುವಷ್ಟು ಹೊತ್ತು’ ಎನ್ನಿ, ಸೊಗಸಾಗಿರುತ್ತದೆ. ದುಡ್ಡಿಗೆ ವರಹ, ಹಣ.

ಎತ್ತಿನ ಗಾಡಿ ದಿನಕ್ಕೆ ಸುಮಾರು 20–25 ಕಿ.ಮೀ. ಹೋದೀತು. ದಯವಿಟ್ಟು ಪ್ರೇಮಿಗಳನ್ನು ಅದರಲ್ಲಿ ಕೂರಿಸಿ ಒಂದೇ ರಾತ್ರಿಗೆ ಹಂಪೆಯಿಂದ ಗೋವೆಗೆ ತಲುಪಿಸಬೇಡಿ.