ಆಗದ ಅಪ್‌ಗ್ರೇಡ್‌ಗೆ ಬಿಲ್: ರೌಟರ್ ಸರ್ವಿಸ್ ಬಗ್ಗೆ ದೂರು

ಇವರಿಂದ: ಐಟಿ ವಿಭಾಗ, ರೈಸ್ ಮಿಲ್ ಕಚೇರಿ, ಗಂಗಾವತಿ, ಕೊಪ್ಪಳ ಜಿಲ್ಲೆ
ಇವರಿಗೆ: ವ್ಯವಸ್ಥಾಪಕರು, ನೆಟ್‌ವರ್ಕ್ ಸರ್ವಿಸ್ ವಿಭಾಗ
ವಿಷಯ: ರೌಟರ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಕೆಲಸವನ್ನು ಅರ್ಧಕ್ಕೆ ಬಿಟ್ಟಿರುವುದು

ಮಾನ್ಯರೇ,

ನಮ್ಮ ಸಿಸ್ಕೊ ಐಎಸ್‌ಆರ್ 4331 ರೌಟರ್‌ನ ಸಾಫ್ಟ್‌ವೇರ್ 16.9 ಆವೃತ್ತಿಯಿಂದ 17.6ಕ್ಕೆ ಅಪ್‌ಗ್ರೇಡ್ ಆಗಿದೆ ಎಂದು ನಿಮ್ಮ ಸರ್ವಿಸ್ ರಿಪೋರ್ಟಿನಲ್ಲಿದೆ. ರೌಟರ್ ಮಾತ್ರ ಇನ್ನೂ 16.9ರಲ್ಲೇ ಇದೆ. ಅಷ್ಟೇ ಆಗಿದ್ದರೆ ಫೋನಿನಲ್ಲೇ ಮುಗಿಸುತ್ತಿದ್ದೆವು. ನಿನ್ನೆ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಇಳಿದು, ಮತ್ತೆ ಆನ್ ಆದ ರೌಟರ್ ಒಂದು ಸಾಲು ಕಾನ್ಫಿಗರೇಶನ್ನೂ (ಸೆಟ್ಟಿಂಗ್) ಇಲ್ಲದೆ ಆರಂಭಿಕ ಸೆಟಪ್ ಮಾಡಬೇಕೇ ಎಂದು ಕೇಳುತ್ತ ನಿಂತಿತು. ಕಾರಟಗಿ, ಸಿಂಧನೂರು ಶಾಖೆಗಳನ್ನು ಕಚೇರಿಗೆ ಜೋಡಿಸುವ ವಿಪಿಎನ್ ಸಂಪರ್ಕ ಬಿತ್ತು. ಕಾಟಾದಲ್ಲಿ ತೂಕವಾದ ಲಾರಿಗಳು ಬಿಲ್ ಇಲ್ಲದೆ ಗೇಟಿನಲ್ಲೇ ಉಳಿದವು.

ಕನ್ಸೋಲ್ ಕೇಬಲ್ ಹಾಕಿ 'ಶೋ ವರ್ಷನ್' ಕಮಾಂಡ್ ಕೊಟ್ಟಾಗ ಕೊನೆಯ ಸಾಲಿನಲ್ಲಿ ಕಾನ್ಫಿಗರೇಶನ್ ರಿಜಿಸ್ಟರ್ (ರೌಟರ್ ಹೇಗೆ ಬೂಟ್ ಆಗಬೇಕು ಎಂದು ಹೇಳುವ ಸಂಖ್ಯೆ) 0ಎಕ್ಸ್2142 ಎಂದಿತ್ತು. ಇದು ಪಾಸ್‌ವರ್ಡ್ ಗೊತ್ತಿಲ್ಲದಾಗ ಒಳಹೋಗಲು ಇಡುವ ಸಂಖ್ಯೆ. ಬೂಟ್ ಆಗುವಾಗ ಸ್ಟಾರ್ಟಪ್ ಕಾನ್ಫಿಗರೇಶನ್ (ಸೇವ್ ಆಗಿರುವ ಸೆಟ್ಟಿಂಗ್) ಓದಬೇಡ ಎಂದರ್ಥ. ನಿಮ್ಮ ಎಂಜಿನಿಯರ್ ರೊಮ್ಮಾನ್‌ಗೆ (ರೌಟರನ್ನು ಬೂಟ್ ಮಾಡಿಸುವ ಮೂಲ ಪ್ರೋಗ್ರಾಂ) ಹೋಗಿ ಅದನ್ನು ಇಟ್ಟಿದ್ದಾರೆ, ಕೆಲಸ ಮುಗಿದ ಮೇಲೆ ಮಾಮೂಲಿನ 0ಎಕ್ಸ್2102ಕ್ಕೆ ತಂದಿಲ್ಲ. (ಪಾಸ್‌ವರ್ಡ್ ಕೇಳಿದ್ದರೆ ನಾವೇ ಕೊಡುತ್ತಿದ್ದೆವು.) ಆ ಖಾಲಿ ಸ್ಥಿತಿಯಲ್ಲಿ ಯಾರಾದರೂ ಸೇವ್ ಮಾಡುವ 'ರೈಟ್ ಮೆಮೊರಿ' ಕಮಾಂಡ್ ಕೊಟ್ಟಿದ್ದರೆ ಅಸಲಿ ಕಾನ್ಫಿಗರೇಶನ್ನೇ ಅಳಿಸಿಹೋಗುತ್ತಿತ್ತು. ನಾವು ಸ್ಟಾರ್ಟಪ್ಪನ್ನು ರನ್ನಿಂಗ್‌ಗೆ (ಆಗ ಚಾಲನೆಯಲ್ಲಿದ್ದ ಕಾನ್ಫಿಗರೇಶನ್‌ಗೆ) ಕಾಪಿ ಮಾಡಿ, ಶಟ್‌ಡೌನ್ ಆಗಿದ್ದ ಇಂಟರ್‌ಫೇಸ್‌ಗಳಿಗೆ (ಪೋರ್ಟ್‌ಗಳಿಗೆ) ಒಂದೊಂದಕ್ಕೂ 'ನೋ ಶಟ್‌ಡೌನ್' ಕೊಟ್ಟು, ರಿಜಿಸ್ಟರ್ ಸರಿಪಡಿಸಿ ಸೇವ್ ಮಾಡಿದೆವು.

ಇನ್ನು ಅಪ್‌ಗ್ರೇಡ್ ವಿಷಯ. 17.6ರ ಇಮೇಜ್ (ಸಾಫ್ಟ್‌ವೇರ್ ಫೈಲ್) ರೌಟರ್‌ನ ಬೂಟ್‌ಫ್ಲ್ಯಾಶ್ ಮೆಮೊರಿಯಲ್ಲಿ ಬಿದ್ದಿದೆ, ಸರಿ. ಆದರೆ ಯಾವ ಇಮೇಜ್‌ನಿಂದ ಬೂಟ್ ಆಗಬೇಕು ಎಂದು ಹೇಳುವ ಹಳೆಯ 'ಬೂಟ್ ಸಿಸ್ಟಮ್' ಸಾಲನ್ನು ತೆಗೆಯದೆ ಹೊಸದನ್ನು ಅದರ ಕೆಳಗೆ ಸೇರಿಸಿದ್ದಾರೆ. ರೌಟರ್ ಮೇಲಿನಿಂದ ಓದುತ್ತದೆ; ಹಳೆಯ ಇಮೇಜ್ ಸಿಕ್ಕ ಮೇಲೆ ಕೆಳಗಿನದರ ಗೊಡವೆಗೇ ಹೋಗುವುದಿಲ್ಲ. ರೀಲೋಡ್ ಆದ ಮೇಲೆ ಅದೇ 'ಶೋ ವರ್ಷನ್' ಒಮ್ಮೆ ನೋಡಿದ್ದರೆ ಎರಡೂ ತಪ್ಪು ಅಲ್ಲೇ ಸಿಗುತ್ತಿದ್ದವು. ನೋಡದೆ ರಿಪೋರ್ಟಿಗೆ ಸಹಿ ಹಾಕಿದ್ದೇ ನಮ್ಮ ಮುಖ್ಯ ಆಕ್ಷೇಪ.

ಕೆಲಸವನ್ನು ಭಾನುವಾರ, ಮಿಲ್ ಬಂದ್ ಇರುವಾಗ, ಹೆಚ್ಚುವರಿ ಶುಲ್ಕವಿಲ್ಲದೆ ಮತ್ತೆ ಮಾಡಿಕೊಡಬೇಕು. ಬರುವ ಮೊದಲು 17.6ಕ್ಕೆ ಬೇಕಾದ ರೊಮ್ಮಾನ್ ಆವೃತ್ತಿ ನಮ್ಮ ರೌಟರ್‌ನಲ್ಲಿದೆಯೇ ಎಂದು ರಿಲೀಸ್ ನೋಟ್ಸ್ ನೋಡಿ ತಿಳಿಸಿ. ರನ್ನಿಂಗ್ ಕಾನ್ಫಿಗರೇಶನ್‌ನ ಪ್ರತಿಯನ್ನು ಮೊದಲು ನಮ್ಮ ಸರ್ವರ್‌ಗೆ ತೆಗೆದಿಡಬೇಕು. ಇಮೇಜ್‌ನ ಎಂಡಿ5 ಮೊತ್ತವನ್ನು (ಫೈಲ್ ಪೂರ್ತಿ, ಸರಿಯಾಗಿ ಬಂದಿದೆಯೇ ಎಂದು ತಿಳಿಸುವ ಸಂಕೇತ) 'ವೆರಿಫೈ' ಕಮಾಂಡ್‌ನಿಂದ ತೆಗೆದು ಡೌನ್‌ಲೋಡ್ ಪುಟದಲ್ಲಿರುವುದಕ್ಕೆ ತಾಳೆ ನೋಡಬೇಕು. ಅರ್ಧ ಕಾಪಿಯಾದ ಫೈಲ್‌ನಿಂದ ಬೂಟ್ ಮಾಡಲು ಹೋದರೆ ರೌಟರ್ ರೊಮ್ಮಾನ್‌ನಲ್ಲೇ ನಿಲ್ಲಬಹುದು. ಬೂಟ್ ಸಾಲುಗಳಲ್ಲಿ ಹೊಸದು ಮೇಲೆ, ಹಳೆಯದು ಅದರ ಕೆಳಗೆ ಇರಲಿ. ಹಳೆಯ ಇಮೇಜನ್ನು ಅಳಿಸಬೇಡಿ, ಹೊಸದು ಕೈಕೊಟ್ಟರೆ ಅದೇ ಆಸರೆ.

ಕನ್ಸೋಲ್‌ನ ಪೂರ್ತಿ ಲಾಗ್ ಫೈಲ್ ರಿಪೋರ್ಟಿನ ಜೊತೆ ಬರಬೇಕು. ಅದು ಕೈಸೇರುವವರೆಗೆ ಈ ಬಿಲ್ ಪಾಸ್ ಆಗದಂತೆ ಅಕೌಂಟ್ಸ್ ವಿಭಾಗಕ್ಕೆ ತಿಳಿಸಿದ್ದೇವೆ.

ಇತಿ,
ಐಟಿ ವಿಭಾಗ

ಲಗತ್ತು: 'ಶೋ ವರ್ಷನ್', 'ಶೋ ಬೂಟ್‌ವಾರ್' ಔಟ್‌ಪುಟ್, ನಿಮ್ಮ ಸರ್ವಿಸ್ ರಿಪೋರ್ಟಿನ ಪ್ರತಿ